ಮಾವನ ಅಂಟು, ಅತ್ತೆಯ ಹಿಟ್ಟು

ಕಳೆದ ಭಾನುವಾರ ಬೆಳಿಗ್ಗೆ ಚಾಮರಾಜನಗರದ ನಮ್ಮ ಅಡುಗೆಮನೆಯಲ್ಲಿ ಮೂರು ಜನ ಇದ್ದೆವು. ಸಿಂಕಿನ ಕೆಳಗೆ ಅರ್ಧ ದೇಹ ತೂರಿಸಿಕೊಂಡು ಅಂಗಾತ ಮಲಗಿದ್ದ ನಲ್ಲಿ ರಿಪೇರಿಯವನು, ಅವನ ಕಾಲ ಬಳಿ ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ನಾನು, ಬಾಗಿಲಿಗೆ ಒರಗಿ ನಮ್ಮಿಬ್ಬರನ್ನೂ ಅನುಮಾನದಿಂದ ನೋಡುತ್ತಿದ್ದ ನನ್ನ ಹೆಂಡತಿ. ನನ್ನ ಟಾರ್ಚಿನ ಬೆಳಕು ಬೇಕಾದ ಜಾಗವೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಯೂ ಬೀಳುತ್ತಿತ್ತು. "ಸಾ, ಒಸಿ ಬಲಕ್ಕೆ ಬುಡಿ... ನಿಮ್ ಬಲಕ್ಕಲ್ಲ ಸಾ, ನನ್ ಬಲಕ್ಕೆ" ಎಂದು ಅವನು ಒಳಗಿಂದಲೇ ಕೂಗುತ್ತಿದ್ದ. ಆಮೇಲೆ ಉದ್ದ ಮೂತಿಯ ಕೊಳವೆಯೊಂದನ್ನು ಅಂಟು ಹಿಂಡುವ ಗನ್ನಿಗೆ ಸಿಕ್ಕಿಸಿ, ಸಿಂಕಿನ ಅಂಚಿಗೆ ಬಿಳಿಯ ಅಂಟನ್ನು ಎಳೆಯಾಗಿ ಹಿಂಡಿದ. ಹಿಂಡಿದ್ದೇ ತಡ, ಮನೆಯೆಲ್ಲ ಘಮ್ಮೆಂದು ಹುಳಿ ವಾಸನೆ.

"ಬೆಳಿಗ್ಗೆ ಬೆಳಿಗ್ಗೇನೇ ಯಾರ್ರೀ ಗೋಬಿ ಮಂಚೂರಿ ತಂದಿರೋದು?" ಎಂದಳು ನನ್ನ ಹೆಂಡತಿ.

ಅವಳದು ತಪ್ಪಿಲ್ಲ. ಸಂಜೆ ಹೊತ್ತು ಗೋಬಿ ಗಾಡಿಯ ಬಾಣಲೆಗೆ ವಿನಿಗರ್ ಸುರಿದಾಗ ಬರುವುದೂ ಇದೇ ವಾಸನೆ. ಆದರೆ ನನಗೆ ಈ ವಾಸನೆ ಬಂದರೆ ಮೊದಲು ಮೂಗಿಗಲ್ಲ, ಕಣ್ಣಿಗೆ ಏನೋ ಆಗುತ್ತದೆ. ಗುಂಡ್ಲುಪೇಟೆಯಲ್ಲಿ ಕೇರಳದ ರಸ್ತೆಯ ಬದಿಗಿರುವ ಒಂದು ತಗಡಿನ ಶೆಡ್ಡು, ಅದರ ಮುಂದೆ ಮೂತಿಯ ಗಾಜು ಕಳಚಿಕೊಂಡು ಬೊಚ್ಚು ಬಾಯಿ ಬಿಟ್ಟು ನಿಂತ ಈರುಳ್ಳಿ ಲಾರಿ, ಲಾರಿಯ ಮುಂದೆ ಲುಂಗಿ ಎತ್ತಿ ಕಟ್ಟಿದ ನನ್ನ ಸೋದರಮಾವ ಪುಟ್ಟಮಾದಪ್ಪನವರು, ಇಷ್ಟೂ ಒಟ್ಟಿಗೆ ಕಾಣುತ್ತವೆ. ಮಾವ ಲಾರಿಗಳಿಗೆ ಗಾಜು ಕೂರಿಸುವವರು. ಗಾಜು ಕೂರಿಸುವುದೆಂದರೆ ಅರ್ಧ ಗಾಜಿನ ಕೆಲಸ, ಅರ್ಧ ಅಂಟಿನ ಕೆಲಸ. ಮಾವನಿಗೆ ಗಾಜಿನ ಮೇಲೆ ಗೌರವವಿತ್ತು. ಪ್ರೀತಿ ಇದ್ದದ್ದು ಅಂಟಿನ ಮೇಲೆ.

ಅಂಟಿನ ಪ್ರೀತಿ ನಮ್ಮ ತಾಯಿಯ ಕಡೆಯವರಿಗೆ ರಕ್ತದಲ್ಲೇ ಬಂದದ್ದಿರಬೇಕು. ಉಮ್ಮತ್ತೂರಿನಲ್ಲಿ ನನ್ನನ್ನು ಸಾಕಿದ ಅಜ್ಜಿ ಒಂದೊಂದು ಕೆಲಸಕ್ಕೆ ಒಂದೊಂದು ಅಂಟು ಇಟ್ಟುಕೊಂಡಿದ್ದರು. ಸೋರುವ ಹಂಡೆಗೆ ಸುಣ್ಣ ಬೆಲ್ಲ ಕುಟ್ಟಿ ಮೆತ್ತುವರು, ಕಾಳಿನ ಗುಡಾಣದ ಮುಚ್ಚಳಕ್ಕೆ ಸಗಣಿ ಬಳಿಯುವರು, ನನ್ನ ಗಾಳಿಪಟಕ್ಕೆ ಹಿಂದಿನ ದಿನದ ಅಂಬಲಿ. ಹರಿದ ಪುಸ್ತಕಕ್ಕೆ ಬೇಲದ ಮರದ ಗೋಂದು. ನಾನು ಆ ವಂಶದಲ್ಲಿ ಹುಟ್ಟಿಯೂ ಅದರ ವಿದ್ಯೆಯನ್ನು ಒಂದಿಷ್ಟೂ ಕಲಿಯದೆ ಉಳಿದವನು. ಕ್ಷಣದಲ್ಲಿ ಹಿಡಿಯುವ ಪುಟ್ಟ ಬಾಟಲಿಯ ಅಂಟಿನಿಂದ ಕನ್ನಡಕದ ಕಡ್ಡಿ ಜೋಡಿಸಲು ಹೋಗಿ, ಕಡ್ಡಿಯನ್ನು ಹೆಬ್ಬೆರಳಿಗೂ ಹೆಬ್ಬೆರಳನ್ನು ತೋರುಬೆರಳಿಗೂ ಜೋಡಿಸಿಕೊಂಡು, ಆ ಸ್ಥಿತಿಯಲ್ಲೇ ಬಸ್ಸು ಹತ್ತಿ ಮಾವನ ಶೆಡ್ಡಿಗೆ ಹೋದವನು ನಾನು. ಕಂಡಕ್ಟರು ನನ್ನ ಎತ್ತಿ ಹಿಡಿದ ಕೈ ನೋಡಿ, ನಾನೇನೋ ಶಪಥ ಮಾಡುತ್ತಿದ್ದೇನೆ ಎಂದುಕೊಂಡರೇನೋ, ಚಿಲ್ಲರೆಯನ್ನು ನನ್ನ ಜೇಬಿಗೇ ಹಾಕಿದರು.

ಮಾವ ಬಿಸಿನೀರಿಗೆ ಸೋಪು ಕದಡಿ ನನ್ನ ಕೈ ಅದ್ದಿಸಿ ಕೂರಿಸಿದರು. ಬೆರಳು ಬಿಡುವವರೆಗೂ ಪಾಠ.

"ಮರಕ್ಕೆ ನಿಧಾನ್ಕೆ ಇಡಿಯೋ ಅಂಟು ಕೈಗ್ಯಾಕೆ ಬಿರ್ರನೆ ಇಡೀತದೆ ಗೊತ್ತೇನ್ಲಾ ಅಳಿಯ? ಕೈ ಬೆವರ್ತದೆ. ಈ ಅಂಟ್ಗೆ ಒಸಿ ತೇವ ಕಂಡ್ರೆ ಸಾಕು, ಕಲ್ಲಾಗೋಯ್ತದೆ. ನಿಂಗೆ ಎದ್ರಿಕೆ ಬೇರೆ, ಬೆವರು ಬೇರೆ. ಇನ್ನೇನಾಯ್ತದೆ?"

ಅಂದಿನಿಂದ ನನಗೆ ಮಾವನ ಶೆಡ್ಡು ಎಂದರೆ ಒಂದು ಮೋಜು. ರಜೆ ಸಿಕ್ಕರೆ ಹೋಗಿ ಅಲ್ಲಿನ ಹಳೇ ಟೈರಿನ ಮೇಲೆ ಕೂರುವುದು, ಕೇಳುವುದು. ಅಂಟುಗಳ ಸ್ವಭಾವ ಮನುಷ್ಯರ ಸ್ವಭಾವಕ್ಕಿಂತ ಕಡಿಮೆ ವಿಚಿತ್ರವಲ್ಲ. ಪಂಕ್ಚರಿನ ಸೊಲ್ಯೂಷನ್ ಇದೆಯಲ್ಲ, ಅದನ್ನು ಹಸಿಯಾಗಿರುವಾಗಲೇ ಒತ್ತಿದರೆ ಜಾರುತ್ತದೆ; ಎರಡೂ ಕಡೆ ಬಳಿದು, ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಲು ಬಿಟ್ಟು ಆಮೇಲೆ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಪುಟ್ಟ ಬಾಟಲಿಯ ಅಂಟು ಹತ್ತಿಯ ಬನಿಯನ್ನಿನ ಮೇಲೆ ಬಿದ್ದರೆ ಬಿಸಿಯಾಗಿ ಹೊಗೆ ಬರುತ್ತದೆ. ಆದರೆ ಮಾವನ ಮುದ್ದಿನ ಅಂಟು ಸಿಲಿಕಾನ್. ಗಟ್ಟಿಯಾಗಿ ಬಿಗಿಯುವ ಅಂಟುಗಳನ್ನು ಅವರು ಜಗಳಗಂಟರ ಸಾಲಿಗೆ ಸೇರಿಸಿದ್ದರು. "ಲಾರಿ ಅಂದ್ರೆ ಅಲುಗಾಡೋದೆ. ಘಾಟಿ ಇಳೀವಾಗ ಮೂಳೆಮೂಳೆ ಅಲ್ಲಾಡ್ತದೆ. ಬಿರುಸಾಗಿ ಇಡ್ಕಂಡಿರೋ ಅಂಟು ಅದ್ರ ಕೂಟೆ ಜಗಳಕ್ಕೆ ನಿಂತು ಸೀಳ್ಕತದೆ. ಇದು ನೋಡು, ಅದು ಎಳುದ್ರೆ ಎಳೀತದೆ, ಬುಟ್ರೆ ಬತ್ತದೆ" ಎನ್ನುವರು.

ಬಣ್ಣ ಒಣಗಲು ಬಿಸಿಲು ಬೇಕು. ಸಿಲಿಕಾನ್ ಗಟ್ಟಿಯಾಗಲು ತೇವ ಬೇಕು. ಗಾಳಿಯಲ್ಲಿರುವ ನೀರನ್ನೇ ಕುಡಿದು ಅದು ಕಟ್ಟುತ್ತದೆ. ಆದ್ದರಿಂದ ಬಟ್ಟೆ ಒಣಗದ ಮಳೆಗಾಲದಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ಬಿರುಬೇಸಿಗೆಯಲ್ಲಿ ಸತಾಯಿಸುತ್ತದೆ. ಇದನ್ನು ಹೇಳಿದರೆ ಯಾವ ಡ್ರೈವರನೂ ನಂಬುತ್ತಿರಲಿಲ್ಲ. ಗಾಜು ಕೂರಿಸಿದ ಲಾರಿಯನ್ನು ಕದ್ದುಮುಚ್ಚಿ ಬಿಸಿಲಿಗೆ ತಿರುಗಿಸಿ ನಿಲ್ಲಿಸುವರು, ಮಾವ ಬೈದುಕೊಂಡು ನೆರಳಿಗೆ ತರಿಸುವರು. ಇನ್ನೊಂದು ಗುಣ: ಹಸಿಯಿದ್ದಾಗ ಸಿಲಿಕಾನ್ ಗಾಜಿಗೆ ಅಂಟಿದರೆ ಬಿಡುವುದಿಲ್ಲ, ಆದರೆ ಕಟ್ಟಿದ ಮೇಲೆ ಅದರ ಮೈಗೆ ಯಾರೂ ಅಂಟುವಂತಿಲ್ಲ. ಬಣ್ಣ ನಿಲ್ಲದು, ಬೇರೆ ಅಂಟು ಹಿಡಿಯದು. ಮಾವ ಇದನ್ನು ವಿವರಿಸುತ್ತಿದ್ದಾಗ ಊಟದ ಬುತ್ತಿ ತಂದಿದ್ದ ಅತ್ತೆ, "ನಮ್ಮ ದೊಡ್ಡತ್ತಿಗೆ ಇದ್ದಂಗೆ ಬುಡು. ಎಲ್ಲಾರ ಮನೇಲೂ ಓಗಿ ಅಂಟ್ಕತಾಳೆ, ಅವಳ ಮನೆ ಒಸ್ಲು ಯಾರ್ಗೂ ತುಳಿಯಾಕೆ ಬುಡಾಕಿಲ್ಲ" ಎಂದಿದ್ದರು. ದೊಡ್ಡತ್ತಿಗೆ ಎಂದರೆ ಮಾವನ ಅಕ್ಕ, ಅಂದರೆ ನನ್ನ ತಾಯಿ. ನಾನು ಅಲ್ಲೇ ಟೈರಿನ ಮೇಲೆ ಕೂತಿದ್ದೆ. ಅತ್ತೆ ನನ್ನ ಕಡೆ ತಿರುಗಿ, "ನಿಂಗೂ ಕೇಳ್ಲಿ ಅಂತ್ಲೇ ಅಂದುದ್ದು" ಎಂದು ಬುತ್ತಿ ಬಿಚ್ಚಿದರು.

ಅತ್ತೆಯ ಹೆಸರು ಚಿಕ್ಕತಾಯಮ್ಮ. ಮಾತಿನಲ್ಲಿ ಯಾರಿಗೂ ಸೋತವರಲ್ಲ, ಹಿಟ್ಟು ತೊಳಸುವುದರಲ್ಲಂತೂ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ನಮ್ಮ ಕಡೆ ರಾಗಿ ಮುದ್ದೆಗೆ ಹಿಟ್ಟು ಎಂದೇ ಹೆಸರು. ಅದನ್ನು ಬೇಯಿಸಿ ತಿರುವುವುದು ಹಿಟ್ಟು ತೊಳಸುವುದು. ಕುದಿಯುವ ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು, ಮುದ್ದೆ ಕೋಲನ್ನು ಬಲಗೈಯಲ್ಲಿ ಬಿಗಿದು, ಇಡೀ ಮೈಭಾರ ಹಾಕಿ ತಿರುವುತ್ತಿದ್ದರು. ಆ ಮುದ್ದೆಯನ್ನು ಮುರಿದರೆ ಒಳಗೆ ಒಂದು ಕಾಳಿನಷ್ಟು ಗಂಟೂ ಇರುತ್ತಿರಲಿಲ್ಲ. ಶೆಡ್ಡಿಗೆ ಬಂದ ಡ್ರೈವರುಗಳು ಗಾಜು ಬೇಗ ಆದರೂ ಊಟದ ಹೊತ್ತಿನವರೆಗೆ ಏನಾದರೊಂದು ನೆಪ ತೆಗೆದು ನಿಲ್ಲುತ್ತಿದ್ದದ್ದು ಸುಳ್ಳಲ್ಲ.

ಎರಡು ವರ್ಷದ ಹಿಂದೆ ಅತ್ತೆ ಹಿತ್ತಲ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಕಟ್ಟು ಹಾಕಿಸಿದರು, ಮೂಳೆ ಕೂಡಿಕೊಂಡಿತು. ಬೆರಳುಗಳು ಮಾತ್ರ ಮಡಚಲೊಲ್ಲವು. ಅರ್ಧ ಬಾಗಿ, ಏನನ್ನೋ ಹಿಡಿಯಲು ಹೋಗಿ ಮರೆತವರ ಹಾಗೆ, ಅಷ್ಟಕ್ಕೇ ನಿಂತುಬಿಟ್ಟವು. ಡಾಕ್ಟರು ರಬ್ಬರಿನ ಚೆಂಡೊಂದನ್ನು ಕೊಟ್ಟು ದಿನಾ ಹಿಸುಕಬೇಕು, ಕೆಲಸ ಕೊಟ್ಟಷ್ಟೂ ಬೆರಳು ಸಡಿಲವಾಗುತ್ತವೆ ಎಂದಿದ್ದರು. "ನಾನೇನು ಮಗೀನಾ ಚೆಂಡಾಡಾಕೆ?" ಎಂದು ಅತ್ತೆ ಅದನ್ನು ಪಕ್ಕದ ಮನೆಯ ನಾಯಿಗೆ ಎಸೆದರು.

ಅಲ್ಲಿಂದ ಅತ್ತೆ ಮಂಕಾದರು. ನಮ್ಮಲ್ಲಿ ಎಡಗೈಯಲ್ಲಿ ಬಡಿಸುವುದಿಲ್ಲ, ಎಡಗೈಯಲ್ಲಿ ಉಣ್ಣುವುದೂ ಇಲ್ಲ. ಅತ್ತೆಗೆ ಈಗ ಉಳಿದದ್ದು ಎಡಗೈ ಒಂದೇ. ಅವರು ಅಡುಗೆಮನೆಯನ್ನು ಸೊಸೆ ರಜನಿಗೆ ಬಿಟ್ಟರು, ಎಲ್ಲರ ಊಟ ಮುಗಿಯುವವರೆಗೆ ಹಿತ್ತಲಲ್ಲಿ ಕೂರತೊಡಗಿದರು, ಬಲಗೈಯನ್ನು ಸದಾ ಸೆರಗಿನೊಳಗೆ ಇಟ್ಟುಕೊಳ್ಳತೊಡಗಿದರು. ಒಮ್ಮೆ ನಾನು ಕೈತೊಳೆಯಲು ಹಿತ್ತಲಿಗೆ ಹೋದಾಗ, ಗೋಡೆಗೆ ಮುಖ ಮಾಡಿ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ನನ್ನ ಹೆಜ್ಜೆ ಕೇಳಿದೊಡನೆ ತಟ್ಟೆಯ ಮೇಲೆ ಸೆರಗು ಮುಚ್ಚಿದರು. "ಓಗು ಮಗ, ನೀರು ಮುಂದ್ಗಡೆ ಅದೆ" ಎಂದರು. ನೀರು ಅವರ ಪಕ್ಕದ ತೊಟ್ಟಿಯಲ್ಲೇ ಇತ್ತು. ನಾನು ಮುಂದುಗಡೆಗೇ ಹೋದೆ.

ರಜನಿ ಕೇರಳದ ಬತ್ತೇರಿ ಕಡೆಯ ಹುಡುಗಿ. ಕನ್ನಡದವರೇ, ಆದರೆ ತಲೆಮಾರಿನಿಂದ ಅಲ್ಲಿ ನೆಲೆಸಿ ಅನ್ನ ಉಂಡವರು. ಮಾತಿನಲ್ಲಿ ಮಲಯಾಳದ ಒಂದು ತೂಗುವ ರಾಗ, ಕೈಯಲ್ಲಿ ಒಳ್ಳೆಯ ಮೀನಿನ ಸಾರು. ಮುದ್ದೆ ಮಾತ್ರ ಅವಳಿಗೆ ಒಲಿಯಲಿಲ್ಲ. ಒಂದು ದಿನ ಅಂಬಲಿ, ಒಂದು ದಿನ ಇಟ್ಟಿಗೆ. ಮುರಿದರೆ ಒಳಗಿಂದ ಒಣ ಹಿಟ್ಟು ಸುರಿಯುವುದು. ಮಾವನೂ ಅವರ ಮಗನೂ ತುಟಿ ಎರಡು ಮಾಡದೆ ನುಂಗುತ್ತಿದ್ದರು. ಅತ್ತೆ ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. "ಅಮ್ಮ ಒಂದು ಮಾತೂ ಬೈಯ್ಯೋದಿಲ್ಲ ಭಾವ, ಅದೇ ನಂಗೆ ಭಯ" ಎಂದು ನನ್ನ ಬಳಿ ಹೇಳಿಕೊಂಡಿದ್ದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಮಾವ ನನಗೆ ಹೇಳಿದರು: "ಎಂಥೆಂಥಾ ಲಾರಿ ಗಾಜು ಕೂರ್ಸಿವ್ನಿ. ನಿಮ್ಮತ್ತೆ ಕೈಗೊಂದು ಕೋಲು ಕೂರ್ಸಾಕೆ ಆಗ್ನಿಲ್ವಲ್ಲೊ ನಂಗೆ." ಸ್ವಲ್ಪ ಹೊತ್ತು ಗನ್ನಿನ ಮೂತಿಯಲ್ಲಿ ಒಣಗಿದ್ದ ಸಿಲಿಕಾನನ್ನು ಹುಳದಂತೆ ಎಳೆದು ತೆಗೆಯುತ್ತಿದ್ದರು. ಅದನ್ನು ಬೆರಳಿಗೆ ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. "ಬೆರ್ಳು ಕೋಲ್ಗೆ ಬಗ್ಗಾಕಿಲ್ಲ ಅಂದ್ರೆ, ಕೋಲೇ ಬೆರ್ಳಿಗೆ ಬಗ್ಲಿ" ಎಂದು ಎದ್ದರು.

ಮೊದಲು ಮುದ್ದೆ ಕೋಲಿನ ಹಿಡಿಗೆ ಟ್ಯೂಬಿನ ರಬ್ಬರು ಸುತ್ತಿದರು. ಅದು ಹಬೆಗೆ ಜಾರಿತು, ಅಡುಗೆಯೆಲ್ಲ ಪಂಕ್ಚರ್ ಅಂಗಡಿಯಂತೆ ನಾರಿತು. ಆಮೇಲೆ ಒಂದು ಕೊಳವೆ ಸಿಲಿಕಾನನ್ನು ಪೂರ್ತಿ ಕೋಲಿಗೆ ದಪ್ಪಗೆ ಮೆತ್ತಿ, ನೆರಳಲ್ಲಿ ನಿಲ್ಲಿಸಿದರು. ವಾರ ಕಳೆದು ನಾನು ಹೋದಾಗ ಹೊರಗೆ ನೋಡಲು ಗಟ್ಟಿಯಾಗಿ, ನುಣ್ಣಗೆ ಚೆನ್ನಾಗಿತ್ತು. ಮಾವ ಬಹಳ ಹೊತ್ತು ಪುಸಲಾಯಿಸಿ ಅತ್ತೆಯ ಕೈಯನ್ನು ಸೆರಗಿನಿಂದ ಹೊರಗೆ ತೆಗೆಸಿದರು. ಅತ್ತೆ ಆ ಹಿಡಿಯ ಮೇಲೆ ಅಂಗೈ ಇಟ್ಟು ಭಾರ ಬಿಟ್ಟರು. ಅದು ಫಕ್ಕನೆ ಒಡೆಯಿತು. ಒಳಗಿದ್ದ ಹಸಿ ಅಂಟು ಬೆರಳ ಸಂದಿಯೆಲ್ಲ ತುಂಬಿ ಸೀರೆಯ ಮೇಲೆ ಬಿತ್ತು. ಸಿಲಿಕಾನ್ ಹೊರಗಿನಿಂದ ಒಳಕ್ಕೆ ಕಟ್ಟುತ್ತಾ ಹೋಗುವ ವಸ್ತು. ದಪ್ಪಗಿದ್ದರೆ ಮೇಲೆ ಚರ್ಮ ಕಟ್ಟಿ, ಆ ಚರ್ಮವೇ ಒಳಗೆ ತೇವ ಹೋಗದಂತೆ ತಡೆಯುತ್ತದೆ. ಒಳಗಿನದು ಎಷ್ಟೋ ದಿನ ಹಸಿಯಾಗೇ ಇರುತ್ತದೆ.

ಅತ್ತೆ ಕೈ ಒರೆಸಿಕೊಂಡು ಮತ್ತೆ ಸೆರಗಿಗೆ ಸೇರಿಸಿದರು. ಬೈಯಲಿಲ್ಲ. ಹಿತ್ತಲ ಬಾಗಿಲವರೆಗೆ ಹೋದವರು, ಅಲ್ಲೇ ನಿಂತು, ತಿರುಗದೆ ಹೇಳಿದರು: "ಮ್ಯಾಲೆ ಬೆಂದು ಒಳ್ಗೆ ಅಸಿ ಉಳುದ್ರೆ ಸುಮ್ಗೆ ಕಾಯ್ಕಂಡ್ ಕೂತ್ರೆ ಬೇಯ್ತದಾ? ಒಳೀಕೆ ನೀರು ಕುಡುಸ್ಬೇಕು. ಇಟ್ಟು ತೊಳಸಿ ಗೊತ್ತಿದ್ರೆ ತಾನೆ ನಿಮ್ಗೆ."

"ನೀರು ಇದ್ರೊಳೀಕೆ ಓಗಾಕಿಲ್ಲ ಕಣಮ್ಮಿ. ಆಕುದ್ರೆ ಜಾರ್ಕಂಡು ಈಚ್ಗೆ ಬತ್ತದೆ" ಎಂದರು ಮಾವ.

"ಬರೀ ನೀರ ಯಾರು ಆಕು ಅಂದೋರು? ಇಟ್ನ ಕೂಟೆ ಆಕು."

ಇಷ್ಟು ಹೇಳಿ ಅತ್ತೆ ಹೋಗಿಬಿಟ್ಟರು. ಅದು ಸಲಹೆಯೋ ಸಿಟ್ಟೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮಾವ ಅಲ್ಲಾಡದೆ ನಿಂತರು. ಹಿಟ್ಟು ಎಷ್ಟೇ ಒಣಗಿದಂತೆ ಕಂಡರೂ ಅದರ ಹೊಟ್ಟೆಯಲ್ಲಿ ಚೂರು ತೇವ ಅಡಗಿರುತ್ತದೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಡಬ್ಬದ ಹಿಟ್ಟು ಏಕೆ ಹೆಪ್ಪುಗಟ್ಟಬೇಕು? ಆ ತೇವ ಅಂಟಿನ ಒಳಗೆಲ್ಲ ಹರಡಿಕೊಂಡರೆ, ಒಳಗೂ ಹೊರಗೂ ಒಟ್ಟಿಗೇ ಕಟ್ಟಬೇಕಲ್ಲವೆ? ಮಾವ ಇದನ್ನೆಲ್ಲ ಬಾಯಲ್ಲಿ ಹೇಳಲಿಲ್ಲ. "ಲೇ ಅಳಿಯ, ರಾಗಿಟ್ಟಿನ ಡಬ್ಬ ಎಲ್ಲದೆ ನೋಡ್ಲಾ" ಎಂದರು, ಅಷ್ಟೆ.

ಅಂಗಡಿಯಲ್ಲಿ ಬೇರೆ ಹಿಟ್ಟುಗಳೂ ಸಿಗುತ್ತವೆ. ಆದರೆ ನಮ್ಮವರಿಗೆ ಹಿಟ್ಟೆಂದರೆ ರಾಗಿಯದೇ. ಹಳೇ ಅಲ್ಯೂಮಿನಿಯಂ ತಟ್ಟೆಯಲ್ಲಿ ಸಿಲಿಕಾನ್ ಹಿಂಡಿ, ರಾಗಿ ಹಿಟ್ಟು ಸುರಿದು, ಮಾವ ಕೋಲಿನಿಂದ ಕಲಸಿದರು. ಕೈಗೆ ಅಂಟದಿರಲಿ ಎಂದು ಸೋಪು ನೀರಿನಲ್ಲಿ ಅಂಗೈ ಅದ್ದಿಕೊಂಡು ಅದನ್ನು ಒಟ್ಟುಮಾಡಿದರು. ಹಿಟ್ಟನ್ನು ಒದ್ದೆಗೈಯಲ್ಲಿ ಒಟ್ಟುಮಾಡುವ ನಮ್ಮ ಕಡೆಯ ಮನುಷ್ಯನ ಕೈ ತಾನಾಗೇ ಏನು ಮಾಡುತ್ತದೆ ಹೇಳಿ? ಗುಂಡಗೆ ಉರುಳಿಸುತ್ತದೆ. ಕಂದುಬಣ್ಣದ, ನುಣುಪಾದ, ಮೇಲೆ ನೀರಿನ ಹೊಳಪಿರುವ ಒಂದು ಅಚ್ಚುಕಟ್ಟಾದ ಮುದ್ದೆ ತಯಾರಾಯಿತು. ಶೆಡ್ಡಿನ ಧೂಳು ಬೀಳದಿರಲೆಂದು ಅದನ್ನು ತಟ್ಟೆಯ ಸಮೇತ ಮನೆಗೆ ತಂದು ನಡುಮನೆಯ ಜಗಲಿಯ ಮೇಲಿಟ್ಟು, ನಾವಿಬ್ಬರೂ ಕೈಗೆ ಮೆತ್ತಿದ್ದನ್ನು ಉಜ್ಜಿ ತೆಗೆಯಲು ಹಿತ್ತಲಿಗೆ ಹೋದೆವು.

ಇತ್ತ ಏನಾಯಿತೆಂದರೆ, ಹರವೆಯ ಸಿದ್ದರಾಜು ಬಂದ. ಟೊಮೇಟೊ ಲಾರಿಯ ಡ್ರೈವರು, ಈ ಮನೆಯಲ್ಲಿ ಉಂಡು ಬೆಳೆದಂಥವನು, ಒಳಗೆ ಬಂದರೆ ಯಾರನ್ನೂ ಕೇಳದೆ ಕೈತೊಳೆದು ಕೂರುವಷ್ಟು ಸಲಿಗೆ. ಜಗಲಿಯ ಮೇಲೆ ತಟ್ಟೆ, ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ರಜನಿ ಇಳಿಸಿಟ್ಟಿದ್ದ ಅವರೆಕಾಳಿನ ಸಾರು. ತನಗೇ ಇಟ್ಟದ್ದೆಂದು ಧಾರಾಳವಾಗಿ ಸಾರು ಸುರಿದುಕೊಂಡ. ಉಜ್ಜುವುದರಲ್ಲೇ ಅರ್ಧ ಗಂಟೆ ಕಳೆದು ನಾವು ಹಿತ್ತಲಿಂದ ಬರುವ ಹೊತ್ತಿಗೆ ಮುದ್ದೆಯನ್ನು ಮುರಿಯಲು ನೋಡುತ್ತಿದ್ದ. ಅದು ಎಳೆದಷ್ಟೂ ಬಂದು, ಬಿಟ್ಟರೆ ಮತ್ತೆ ತನ್ನ ಜಾಗಕ್ಕೇ ಹೋಗುತ್ತಿತ್ತು. ಅಷ್ಟರಲ್ಲಿ ಮಜ್ಜಿಗೆ ಹಿಡಿದು ಒಳಗಿಂದ ಬಂದ ರಜನಿ ಅವನೆದುರು ನಿಂತಳು. ಸಿದ್ದರಾಜು ಅವಳ ಮುಖ ನೋಡಿದ. ಅನ್ನ ಉಣ್ಣುವ ಕಡೆಯಿಂದ ಬಂದ ಹೆಣ್ಣುಮಗಳು, ಮನಸ್ಸು ನೋಯಬಾರದು.

"ಚೆಂದಾಗದೆ ಕಣವ್ವ" ಎಂದ ಮೆಲ್ಲಗೆ. "ಒಸಿ ನಾರಿನಂಗೆ ಎಳೀತದೆ, ಅಷ್ಟೆ. ಮಾಡ್ತಾ ಮಾಡ್ತಾ ಸರಿಯಾಯ್ತದೆ ಬುಡು."

ಹೀಗೆಂದು ಎರಡೂ ಕೈ ಹಾಕಿ ಜಗ್ಗಿ ಒಂದು ತುಣುಕು ಕಿತ್ತು, ಸಾರಿನಲ್ಲಿ ಹೊರಳಿಸಿ ಬಾಯಿಗೆತ್ತಿದ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ.

"ಲೋ ಸಿದ್ರಾಜ, ನುಂಗ್ಬ್ಯಾಡ ಕಣ್ಲಾ!" ಎಂದು ಮಾವ ಕೂಗಿದ ರಭಸಕ್ಕೆ ಆ ತುಣುಕು ಅವನ ಕೈಯಿಂದ ಹಾರಿ, ನೆಲಕ್ಕೆ ಬಿದ್ದು, ಪುಟಿದು, ಎರಡನೆಯ ಸಲವೂ ಪುಟಿದು, ಹೊಸಿಲು ದಾಟಿ ಹೋಯಿತು.

ಸಿದ್ದರಾಜು ಅದು ಹೋದ ದಿಕ್ಕನ್ನೇ ನೋಡಿದ. ರಜನಿ, "ಅಯ್ಯೋ ದೇವರೇ, ಅದು ನಾನು ಮಾಡಿದ್ದಲ್ಲ! ಅದು ಮಾವ ಮಾಡಿದ್ದು!" ಎಂದಳು.

"ಮಾದಪ್ಪಣ್ಣ, ಗಾಜಿನ ಕೆಲ್ಸ ಬುಟ್ಟು ಇದ್ಯಾವಾಗ ಶುರುಮಾಡ್ದೆ? ಉಳಿ ವಾಸ್ನೆ ಒಡೀತಿತ್ತು, ಏನೋ ಔಷ್ದಿ ಗಿಷ್ದಿ ಆಕವ್ರೇನೋ ಅನ್ಕಂಡೆ ಕಣಣ್ಣೋ!" ಎಂದ ಸಿದ್ದರಾಜು.

ಆಗ ಹಿತ್ತಲ ಬಾಗಿಲಿನಿಂದ ಒಂದು ಸದ್ದು ಬಂತು. ಅತ್ತೆ ನಗುತ್ತಿದ್ದರು. ಬಾಗಿಲ ಚೌಕಟ್ಟು ಹಿಡಿದು, ಬಗ್ಗಿ, ಉಸಿರು ಸಿಕ್ಕಿಕೊಳ್ಳುವಂತೆ ನಗುತ್ತಿದ್ದರು. ನಗುತ್ತಲೇ ಕೂತರು, ಕೂತಲ್ಲಿ ಸೆರಗು ಜಾರಿತು, ಜಾರಿದ್ದನ್ನು ಗಮನಿಸದೆ ಬಲಗೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡರು. ನಾವೆಲ್ಲ ಆ ಕೈ ನೋಡಿ ಎಷ್ಟೋ ದಿನವಾಗಿತ್ತು. ಅತ್ತೆ ಸಿದ್ದರಾಜುವಿನ ತಟ್ಟೆಯಿಂದ ಆ ಮುದ್ದೆಯನ್ನು ಎತ್ತಿಕೊಂಡು, ಸಾರು ಝಾಡಿಸಿ, ಕಿತ್ತ ಜಾಗವನ್ನು ಕಣ್ಣ ಹತ್ತಿರ ತಂದು ನೋಡಿ, ಒಳಗೆ ಬೆರಳಿಟ್ಟು ಒತ್ತಿದರು.

"ಒಳ್ಗೂ ಬೆಂದದೆ" ಎಂದರು. ಆಮೇಲೆ ಮಾವನ ಕಡೆ ನೋಡಿ, "ನಿಂತ್ಕಂಡು ಏನ್ ನೋಡ್ತಿದ್ದೈ? ಕೋಲ್ ತಗಬಾ."

ಆ ದಿನ ಗಾಜಿನ ಕೆಲಸ ನಿಂತಿತು. ಮಾವ ಮುದ್ದೆ ಕೋಲಿನ ಹಿಡಿಯನ್ನು ಗಾಜಿನ ಚೂರಿನಿಂದ ಕೆರೆದು, ಹುರಿ ಸುತ್ತಿದರು. ಎಷ್ಟೋ ಕಾಲದ ಕೈಜಿಡ್ಡು ಕುಡಿದ ಮರವನ್ನು ಸಿಲಿಕಾನ್ ನಂಬುವುದಿಲ್ಲವಂತೆ, ಹಿಡಿದುಕೊಳ್ಳಲು ಅದಕ್ಕೊಂದು ಒರಟು ಬೇಕಂತೆ. ಮತ್ತೆ ಹೊಸದಾಗಿ ಹಿಟ್ಟು ಕಲಸಿ ಹುರಿಯ ಮೇಲೆ ದಪ್ಪಗೆ ಮೆತ್ತಿದರು. ಅತ್ತೆಯ ಕೈಯನ್ನು ಸೋಪು ನೀರಿನಲ್ಲಿ ಅದ್ದಿ, ಅದರ ಮೇಲಿಟ್ಟು, ಬಗ್ಗದ ಬೆರಳುಗಳನ್ನು ಅವು ಬಗ್ಗುವಷ್ಟಕ್ಕೇ ಒಂದೊಂದಾಗಿ ಕೂರಿಸಿದರು. ಎಲ್ಲದರ ಮೇಲೆ ತಮ್ಮ ಕೈಯಿಟ್ಟು ಹಿಡಿದರು.

"ಅಂಟ್ಕಬುಟ್ರೆ?" ಎಂದರು ಅತ್ತೆ.

"ಅಂಟ್ಕಂಡ್ರೆ ಕೋಲ್ ಇಡ್ಕಂಡೇ ಓಡಾಡು. ನಿನ್ ತಂಟೆಗೆ ಯಾರೂ ಬರಾಕಿಲ್ಲ."

"ಮಾದಪ್ಪಣ್ಣ, ಮದ್ವೇಲೂ ಇಷ್ಟೊತ್ತು ಕೈ ಇಡ್ದಿರ್ನಿಲ್ಲ ಕಣಣ್ಣ ನೀನು" ಎಂದ ಸಿದ್ದರಾಜು. ಅವನಿಗೆ ರಜನಿ ಅನ್ನ ಹಾಕಿಕೊಟ್ಟಿದ್ದಳು, ಉಣ್ಣುತ್ತಾ ತಮಾಷೆ ನೋಡುತ್ತಿದ್ದ.

"ಇವ್ನಿಗೆ ಆ ರಬ್ಬರ್ ಇಟ್ಟೇ ತಿನ್ನುಸ್ಬೇಕಾಗಿತ್ತು" ಎಂದು ಅತ್ತೆ ಅಂದರು. ಕೈ ಮಾತ್ರ ಅಲ್ಲಾಡಿಸಲಿಲ್ಲ.

ಕಟ್ಟಿದ ಮೇಲೆ ಕೈ ತೆಗೆದರೆ, ಕೋಲಿನ ಮೇಲೆ ಅತ್ತೆಯ ಹಿಡಿತ ಹಾಗೇ ಉಳಿದಿತ್ತು: ನಾಲ್ಕು ಬೆರಳಿನ ತಗ್ಗು, ಹೆಬ್ಬೆರಳಿನ ಒಂದು ಗುಳಿ. ಅಂಗೈ ಜಾರದಂತೆ ಮಾವ ಅದೇ ಮಿಶ್ರಣದ ಒಂದು ಪಟ್ಟಿಯನ್ನು ಮೇಲಿನಿಂದ ಬಳೆಯ ಹಾಗೆ ಕೂರಿಸಿದರು. ಬಗ್ಗದ ಬೆರಳು ಬಿಗಿ ಹಿಡಿಯಬೇಕಾಗಿಲ್ಲ, ಸುಮ್ಮನೆ ತನ್ನ ತಗ್ಗಿನಲ್ಲಿ ಕೂತರೆ ಸಾಕು. ಮಾವ ಕೈಗೆ ಎಣ್ಣೆ ಸವರಿ ನೀವಿದರು. ಆ ಹುಳಿ ಅಂಟು ಚರ್ಮವನ್ನು ಸ್ವಲ್ಪ ಕೆಂಪಾಗಿಸಿತ್ತು.

ಮಾರನೆಯ ದಿನ ಅತ್ತೆ ಹಿಟ್ಟು ತೊಳಸಿದರು. ನಾನು ಅದಕ್ಕೆಂದೇ ರಜೆ ಹಾಕಿ ಉಳಿದಿದ್ದೆ. ಅದು ಅದ್ಭುತವಾಗಿತ್ತು ಎಂದು ಬರೆದರೆ ನೀವು ನಂಬಬಹುದು, ಆದರೆ ಅತ್ತೆ ನಂಬುವುದಿಲ್ಲ. ಗಂಟಾಗಿತ್ತು. ಪಾತ್ರೆ ಎರಡು ಸಲ ಓಲಾಡಿತು, ಮಾವ ಹಿಡಿಯಲು ಹೋಗಿ ಬೈಸಿಕೊಂಡರು. ರಜನಿ ತನ್ನ ತಟ್ಟೆಯ ಮುದ್ದೆ ಮುರಿದು, ಒಳಗಿನ ಒಣ ಹಿಟ್ಟು ಕಂಡು, ಮುಖದಲ್ಲಿ ಬಂದ ಸಂತೋಷವನ್ನು ಬಚ್ಚಿಡಲಾರದೆ, "ಅಮ್ಮಾ, ನಿಮ್ಮದರಲ್ಲೂ ಇದೆ!" ಎಂದಳು. "ಇರ್ತದೆ ಇರ್ತದೆ. ನಾಳಿಕೆ ನೋಡು" ಎಂದರು ಅತ್ತೆ. ಆ ನಾಳೆಯಿಂದ ಮನೆಯಲ್ಲಿ ಬೈಗುಳವೂ ಶುರುವಾಯಿತು, ರಜನಿಯ ಮುದ್ದೆಯೂ ಸುಧಾರಿಸಿತು. ಆದರೆ ಕೋಲಿಗೆ ಹಿಡಿ ಸಿಕ್ಕಿದಂತೆ ತುತ್ತಿಗೆ ಸಿಗಲಿಲ್ಲ. ಮುದ್ದೆ ಮುರಿಯಲು ಬೆರಳ ತುದಿಗಳು ಕೂಡಬೇಕು, ಅವು ಕೂಡುತ್ತಿರಲಿಲ್ಲ. ಅತ್ತೆ ಎಲ್ಲರಿಗೂ ತೊಳಸಿ, ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿಯೇ ಉಣ್ಣುತ್ತಿದ್ದರು.

ಇಷ್ಟೆಲ್ಲ ಆ ಹುಳಿ ವಾಸನೆಯ ಜೊತೆ ಬಂದದ್ದು. ಸಿಂಕಿನ ಕೆಳಗಿಂದ ಹೊರಬಂದ ರಿಪೇರಿಯವನು ಬೆರಳನ್ನು ಸೋಪು ನೀರಿಗೆ ಅದ್ದಿ ಅಂಟಿನ ಎಳೆಯನ್ನು ನುಣ್ಣಗೆ ಸವರಿ, "ನಾಳೆಗಂಟ ನೀರು ತಾಕಿಸ್ಬೇಡಿ ಸಾ" ಎಂದ. ನನ್ನ ಹೆಂಡತಿ ಸಿಂಕು ನೋಡಿದಳು, ತೊಳೆಯದ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. "ಹಾಗಿದ್ರೆ ಇವತ್ತು ಅಡುಗೆ ಇಲ್ಲ. ನಡೀರಿ ಗುಂಡ್ಲುಪೇಟೆಗೆ, ಎಷ್ಟು ತಿಂಗಳಾಯ್ತು ಹೋಗಿ" ಎಂದಳು.

ನಾವು ಹೇಳದೆ ಕೇಳದೆ ಹೋಗಿ ಇಳಿದಾಗ ಊಟದ ಹೊತ್ತು. ಅತ್ತೆ ಒಲೆಯ ಮುಂದಿದ್ದರು. "ಬರ್ತೀವಿ ಅಂತ ಒಂದು ಫೋನ್ ಮಾಡಾಕೂ ಆಗಾಕಿಲ್ವ?" ಎಂದು ಬೈದು, ಇನ್ನೊಂದು ಬೊಗಸೆ ಹಿಟ್ಟು ಸುರಿದರು. ನಡುಮನೆಯಲ್ಲಿ ಮಾವ, ಅವರ ಮಗ, ನನ್ನ ಹೆಂಡತಿ, ನಾನು ಸಾಲಾಗಿ ಕೂತೆವು. ರಜನಿ ಸಾರು ಬಡಿಸಿದಳು. ಅತ್ತೆ ಮುದ್ದೆ ತಂದು ನನ್ನ ತಟ್ಟೆಗೆ ಹಾಕಿದರು. ಅದರ ಗಾತ್ರ ನೋಡಿ ನಾನು, "ಇಷ್ಟು ಬೇಡ ಅತ್ತೆ, ಅರ್ಧ ಸಾಕು" ಎಂದೆ.

"ಅರ್ದವಾ? ಜಿಲ್ಲೆ ಊರು ಸೇರ್ಕಂಡು ದೊಡ್ಮನುಸ ಆಗ್ಬುಟ್ಟೇನ್ಲಾ?" ಎಂದು ಅತ್ತೆ ಬಗ್ಗಿ ನನ್ನ ಕಿವಿ ಹಿಂಡಿದರು.

ಚೆನ್ನಾಗಿಯೇ ನೋವಾಯಿತು. "ಅಯ್ಯೋ ಅತ್ತೆ!" ಎಂದು ಕೂಗಿಕೊಂಡೆ.

ಸಾಲಿನ ಆ ತುದಿಯಲ್ಲಿ ತುತ್ತು ಎತ್ತಿದ್ದ ಮಾವ ಕೈಯನ್ನು ಹಾಗೇ ತಡೆದರು. "ಯಾವ ಕೈಲಿ ಕಣ್ಲಾ?" ಎಂದರು.

"ಬಲಗೈಲಿ, ಮಾವ."

ಮಾವ ತುತ್ತನ್ನು ತಟ್ಟೆಯಲ್ಲಿ ಬಿಟ್ಟು ಎದ್ದು ಬಂದರು. ಎಂಜಲುಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಕನ್ನಡಕದ ಮೇಲಿಂದ ನನ್ನ ಕಿವಿಯನ್ನು ಹತ್ತಿರದಿಂದ ನೋಡಿದರು. "ಕೆಂಪುಗಾಗದೆ" ಎಂದು ಹೇಳಿ, ಹೋಗಿ ಮತ್ತೆ ತಮ್ಮ ಜಾಗದಲ್ಲಿ ಕೂತರು.

ಅತ್ತೆ ಒಳಗೆ ಹೋಗಿ ತಮ್ಮ ತಟ್ಟೆ ತಂದರು. ನನ್ನ ಹೆಂಡತಿಯ ಪಕ್ಕದಲ್ಲಿ ಕೂತು, ಮುದ್ದೆಯನ್ನು ಬಲಗೈ ಬೆರಳಿನಿಂದ ಮುರಿದು, ಸಾರಿನಲ್ಲಿ ಹೊರಳಿಸಿ ಉಂಡರು.